ಕಮಾನು ಆಮೇಲೆ ಕಟ್ಟಿ, ಮೊದಲು ಬೀರುವಿನ ಬೀಗ ತೆಗೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಮ್ಮ ಜಿಲ್ಲೆಯಲ್ಲಿ ಈಗ ಶಾಲೆಗಳ ಶತಮಾನೋತ್ಸವದ ಕಾಲ. ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಫೋಟೋ ನೋಡುತ್ತಿರುತ್ತೇನೆ. ಶಾಮಿಯಾನ, ಫ್ಲೆಕ್ಸು, ವೇದಿಕೆ ತುಂಬ ಮೈಸೂರು ಪೇಟ ತೊಟ್ಟ ಗಣ್ಯರು. ಸಂತೋಷವೇ, ಬೇಡ ಅನ್ನುವುದಿಲ್ಲ. ಆದರೆ ಫೋಟೋದ ಕೆಳಗಿನ ವರದಿ ಓದಿ ನೋಡಿ. ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದರು, ಸ್ವಾಗತ ಯಾರು, ವಂದನೆ ಯಾರು, ಎಲ್ಲ ಇರುತ್ತದೆ. ನೂರು ವರ್ಷದ ಕಥೆ ಮಾತ್ರ ‘ಸಾವಿರಾರು ಮಕ್ಕಳಿಗೆ ದಾರಿದೀಪವಾದ ಶಾಲೆ’ ಅನ್ನುವ ಒಂದು ಸಾಲಿಗೆ ಮುಗಿದುಹೋಗಿರುತ್ತದೆ. ಸ್ಮರಣ ಸಂಚಿಕೆ ತಂದರೂ ಅದರಲ್ಲಿ ಮುಕ್ಕಾಲು ಪಾಲು ಶುಭಾಶಯ ಜಾಹೀರಾತು.

ನಾನು ಓದಿದ, ಆಮೇಲೆ ಬಹಳ ಕಾಲ ಪಾಠ ಮಾಡಿದ ಶಾಲೆಗೂ ಇನ್ನೇನು ನೂರು ತುಂಬುತ್ತದೆ. ಮಂಡ್ಯ ತಾಲ್ಲೂಕಿನ ನಾಲೆ ಬಯಲಿನ ಒಂದು ಊರು. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆಯೇ ಈಗಿನ ಹೆಡ್‌ಮೇಷ್ಟ್ರಿಗೆ ‘ಸಮಜಾಯಿಷಿ ನೀಡಿ’ ಅಂತ ನೋಟೀಸು ಬರುತ್ತದೆ, ಪಾಪ. ಅವರ ತಪ್ಪೇನೂ ಇಲ್ಲ. ನಾನು ಹೇಳುವ ಮಾತು ಜಿಲ್ಲೆಯ ಇನ್ನೂ ಎಷ್ಟೋ ಹಳೇ ಶಾಲೆಗಳಿಗೆ ಸಲ್ಲುತ್ತದೆ.

ಮಾತು ಇಷ್ಟೇ. ಶಾಲೆಯ ಇತಿಹಾಸ ಅಂತ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಅದು ಹೆಡ್‌ಮೇಷ್ಟ್ರ ರೂಮಿನಲ್ಲಿದ್ದ ಮರದ ಬೀರುವಿನಲ್ಲೇ ಇದೆ. ಗೆದ್ದಲು ತಿನ್ನುತ್ತಿದೆ. ಶತಮಾನೋತ್ಸವದ ಕಮಾನಿಗೆ ಚಂದಾ ಎತ್ತುವ ಮೊದಲು ಆ ಬೀರುವಿನ ಬೀಗ ತೆಗೆಯಿರಿ.

ಮೈಸೂರಿನ ದೊಡ್ಡ ಶಾಲೆಗಳ ಕಥೆ ನಮಗೆಲ್ಲ ಗೊತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ರಾಜಾ ಸ್ಕೂಲು, 1876ರ ಮರಿಮಲ್ಲಪ್ಪ ಶಾಲೆ, 1881ರಲ್ಲಿ ಹೆಣ್ಣುಮಕ್ಕಳಿಗೆ ಅಂತಲೇ ಶುರುವಾದ ಮಹಾರಾಣಿ ಶಾಲೆ. ಅವುಗಳಲ್ಲಿ ಓದಿದವರು ದೊಡ್ಡವರಾದರು, ಆತ್ಮಕಥೆ ಬರೆದರು, ಶಾಲೆಯ ಹೆಸರೂ ಉಳಿಯಿತು. ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಓದಿದವರು ಆತ್ಮಕಥೆ ಬರೆಯಲಿಲ್ಲ. ಗದ್ದೆ ಮಾಡಿದರು, ಫ್ಯಾಕ್ಟರಿಗೆ ಸೇರಿದರು, ಕಂಡಕ್ಟರ್ ಆದರು, ಸೊಸೈಟಿ ಸೆಕ್ರೆಟರಿ ಆದರು. ಅವರ ಬಗ್ಗೆ ಸಿಗುವ ಒಂದೇ ಬರಹ ಅಂದರೆ ಶಾಲೆಯ ದಾಖಲಾತಿ ಪುಸ್ತಕದ ಒಂದು ಸಾಲು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಆಯ್ದ ಕಡೆಗಳಲ್ಲಿ ಓದು ಕಡ್ಡಾಯವಾಯಿತು. ಅದಾದ ಮೇಲೆಯೇ ನಮ್ಮ ಕಡೆ ಹಳ್ಳಿಗಳಿಗೆ ಒಂದೊಂದೇ ಪ್ರೈಮರಿ ಶಾಲೆ ಬಂದದ್ದು. ಅದಕ್ಕೂ ಮುಂಚೆ ದೇವಸ್ಥಾನದ ಜಗಲಿಯಲ್ಲಿ ಕೂಲಿಮಠ ನಡೆಯುತ್ತಿತ್ತು. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮನೆಯವರು ರಾಗಿಯೋ ಭತ್ತವೋ ಕೊಡುತ್ತಿದ್ದರು. ನಮ್ಮ ಶಾಲೆ ಶುರುವಾದದ್ದೂ ಅದೇ ಜಗಲಿಯ ಮೇಲೆ, ಬೆಂಚು ಬೋರ್ಡು ಏನೂ ಇಲ್ಲದೆ. ಆಗ ನಮ್ಮದು ಮಳೆ ನಂಬಿದ ಊರು. ರಾಗಿ, ಹುರುಳಿ, ಕುರಿ. ಕನ್ನಂಬಾಡಿ ಕಟ್ಟೆ ಎದ್ದು, ಹುಲಿಕೆರೆ ಸುರಂಗ ದಾಟಿ ನಾಲೆ ನೀರು ಬಂದಿದ್ದು ಮೂವತ್ತರ ದಶಕದಲ್ಲಿ. ಇವತ್ತಿನ ವಿಶ್ವೇಶ್ವರಯ್ಯ ನಾಲೆಗೆ ಆಗ ಇರ್ವಿನ್ ನಾಲೆ ಅಂತ ಹೆಸರು. 1933ರಲ್ಲಿ ಮಂಡ್ಯದ ಸಕ್ಕರೆ ಫ್ಯಾಕ್ಟರಿ ಶುರುವಾಯಿತು. ಕೈಗೆ ನಾಲ್ಕು ಕಾಸು ಬಂದ ಮೇಲೆ ಊರಿನವರಿಗೆ ಮಿಡ್ಲ್ ಸ್ಕೂಲಿನ ಆಸೆ ಹುಟ್ಟಿತು.

ಈಗಿನ ಮಕ್ಕಳಿಗೆ ಮಿಡ್ಲ್ ಸ್ಕೂಲು ಅಂದರೆ ಅರ್ಥವಾಗುವುದಿಲ್ಲ. ಹಳೇ ಮೈಸೂರಿನಲ್ಲಿ ನಾಲ್ಕು ವರ್ಷ ಪ್ರೈಮರಿ, ಅದರ ಮೇಲೆ ನಾಲ್ಕು ವರ್ಷ ಮಿಡ್ಲ್ ಸ್ಕೂಲು, ಆಮೇಲೆ ಹೈಸ್ಕೂಲು. ಪ್ರೈಮರಿ ಸುಮಾರು ಕಡೆ ಇತ್ತು. ಮಿಡ್ಲ್ ಸ್ಕೂಲು ಮಾತ್ರ ಹೋಬಳಿಗೆ ಒಂದೋ ಎರಡೋ. ಹಾಗಾಗಿ ಸುತ್ತಲಿನ ಹಳ್ಳಿಯ ಮಕ್ಕಳು ಬುತ್ತಿ ಕಟ್ಟಿಕೊಂಡು ಗದ್ದೆ ಬದುವಿನ ಮೇಲೆ ನಡೆದು ಬರುತ್ತಿದ್ದರು. ಮಿಡ್ಲ್ ಸ್ಕೂಲು ಪಾಸಾದವನಿಗೆ ಮೇಷ್ಟ್ರ ಕೆಲಸವೋ ಶಾನುಭೋಗರ ಹತ್ತಿರ ಬರೆಯುವ ಕೆಲಸವೋ ಸಿಗುತ್ತಿತ್ತು. ಹೆಣ್ಣು ಕೊಡುವವರೂ ಮುಂದೆ ಬರುತ್ತಿದ್ದರಂತೆ. ನಮ್ಮೂರಿನ ಹಿರಿಯರು ಇವತ್ತಿಗೂ ಅದನ್ನು ‘ಮಿಡ್ಲಿಸ್ಕೂಲು’ ಅಂತಲೇ ಕರೆಯುವುದು. ಬೋರ್ಡಿನಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಅಂತಿದೆ. ಬೋರ್ಡು ಓದುವವರು ಯಾರು?

ಇನ್ನು ದಾಖಲಾತಿ ಪುಸ್ತಕದ ವಿಚಾರಕ್ಕೆ ಬರುತ್ತೇನೆ. ಪ್ರಭಾರ ಮುಖ್ಯ ಶಿಕ್ಷಕಿಯಾಗಿದ್ದಾಗ ಅದು ನನ್ನ ಕೈಯಲ್ಲಿತ್ತು. ಹಳೆಯದು ತೋಳಿನಷ್ಟು ಉದ್ದ, ಎರಡು ಕೈಯಲ್ಲಿ ಎತ್ತಬೇಕು. ರಟ್ಟಿಗೆ ಕೆಂಪು ಖಾದಿ ಬಟ್ಟೆ ಅಂಟಿಸಿದೆ. ಮೇಲೆ ‘ಮೈಸೂರು ಡಿಸ್ಟ್ರಿಕ್ಟ್, ಮಂಡ್ಯ ತಾಲ್ಲೂಕು’ ಅಂತ ಬರೆದಿದ್ದಾರೆ. ಮಂಡ್ಯ ಜಿಲ್ಲೆಯಾಗಿದ್ದು 1939ರಲ್ಲಿ ತಾನೆ? ಅದಕ್ಕಿಂತ ಹಿಂದಿನ ಪುಸ್ತಕ ಅದು. ಯಾರೋ ಒಬ್ಬ ಮೇಷ್ಟ್ರು ‘ಮೈಸೂರು’ ಅನ್ನುವುದನ್ನು ಒಂದು ಗೆರೆಯಲ್ಲಿ ಹೊಡೆದು ಪಕ್ಕದಲ್ಲಿ ‘ಮಂಡ್ಯ’ ಅಂತ ತಿದ್ದಿ, ತಿದ್ದಿದ್ದಕ್ಕೆ ಸಣ್ಣ ಸಹಿಯನ್ನೂ ಹಾಕಿದ್ದಾರೆ. ಜಿಲ್ಲೆ ಹುಟ್ಟಿದ್ದಕ್ಕೆ ನಮ್ಮೂರಿನಲ್ಲಿರುವ ಸಾಕ್ಷಿ ಅದೊಂದೇ ಇರಬೇಕು. ಒಳಗೆ ಹೋದರೆ ಮೊಹರುಗಳೂ ಕಥೆ ಹೇಳುತ್ತವೆ. ಮೊದಲು ಸಂಸ್ಥಾನದ ಗಂಡಭೇರುಂಡ, ಆಮೇಲೆ ‘ಮೈಸೂರು ರಾಜ್ಯ’, 1973ರ ನವೆಂಬರ್ ಆದಮೇಲೆ ‘ಕರ್ನಾಟಕ’. ಹೊಸ ಮೊಹರು ಬರುವುದು ತಡವಾಗಿ ಸ್ವಲ್ಪ ದಿನ ಹಳೇದನ್ನೇ ಒತ್ತಿ ಪೆನ್ನಿನಲ್ಲಿ ತಿದ್ದಿದ್ದೂ ಇದೆ. ಸರ್ಕಾರ ಅಂದರೆ ಅವತ್ತೂ ಹಾಗೇ.

ಕಾಲಂಗಳನ್ನು ನೋಡಿ. ಹೆಸರು, ತಂದೆ ಹೆಸರು, ಊರು, ಜಾತಿ, ತಂದೆಯ ಉದ್ಯೋಗ, ಹುಟ್ಟಿದ ತಾರೀಖು, ಸೇರಿದ ತಾರೀಖು, ಬಿಟ್ಟ ತಾರೀಖು, ಬಿಟ್ಟ ಕಾರಣ. ಹುಟ್ಟಿದ ತಾರೀಖಿನ ಕಾಲಂ ನೋಡಿದರೆ ನಗು ಬರುತ್ತದೆ. ಅರ್ಧ ಊರು ಜೂನ್ 1ರಂದು ಹುಟ್ಟಿದೆ. ಉಳಿದವರಲ್ಲಿ ಜುಲೈ 1 ಜಾಸ್ತಿ. ಮಗು ಹುಟ್ಟಿದ್ದು ಯಾವಾಗ ಅಂತ ಕೇಳಿದರೆ ಅಪ್ಪ ‘ದೊಡ್ಡ ಮಳೆ ಬಂದಿತ್ತಲ್ಲ, ಅವತ್ತು’ ಅನ್ನುತ್ತಿದ್ದ. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆ ಮೇಲಿಂದ ಎಡಗಿವಿಗೆ ತಾಗಿಸಿ ನೋಡಿ, ಸೇರಿಸಿಕೊಳ್ಳುವುದಕ್ಕೆ ಸರಿಹೋಗುವ ಹಾಗೆ ಒಂದು ತಾರೀಖು ಬರೆದುಬಿಡುತ್ತಿದ್ದರು. ಅದಕ್ಕೇ ನೋಡಿ, ನಮ್ಮ ಸರ್ಕಾರಿ ಕಚೇರಿಗಳಲ್ಲಿ ಮೇ 31ಕ್ಕೆ ಅಷ್ಟೊಂದು ಜನ ಒಟ್ಟಿಗೆ ನಿವೃತ್ತರಾಗುವುದು. ಅವತ್ತು ಮಾರ್ಕೆಟ್ಟಿನಲ್ಲಿ ಹಾರ ಸಿಗುವುದಿಲ್ಲ.

ಉದ್ಯೋಗದ ಕಾಲಂನಲ್ಲಿ ಮೊದಲಿನ ಪುಟಗಳ ತುಂಬ ‘ಬೇಸಾಯ’, ‘ಕೂಲಿ’. ನಡುವೆ ಒಬ್ಬ ಕುಂಬಾರರು, ಒಬ್ಬ ಅಗಸರು. ಮುಂದೆ ಹೋದ ಹಾಗೆ ‘ಫ್ಯಾಕ್ಟರಿ’ ಅಂತ ಕಾಣಿಸಿಕೊಳ್ಳುತ್ತದೆ. ಆಮೇಲೆ ‘ನಾಲೆ ಸೌದಿ’. ಗದ್ದೆಗೆ ನೀರು ಬಿಡುವ ಸೌದಿಯ ಮಗ ನಮ್ಮ ಶಾಲೆಯಲ್ಲಿ ಓದಿದ್ದಾನೆ ಅಂದರೆ ಆ ಹೊತ್ತಿಗೆ ಊರಿಗೆ ನೀರು ಬಂದಿತ್ತು ಅಂತ ಲೆಕ್ಕ. ತಮಿಳು ಹೆಸರಿನ ಮಕ್ಕಳೂ ಆಗಲೇ ಬರುತ್ತಾರೆ, ಕಬ್ಬು ಕಡಿಯಲು ಬಂದು ಇಲ್ಲೇ ಉಳಿದವರ ಮಕ್ಕಳು. ಯಾವ ಗೆಜೆಟಿಯರ್‌ನಲ್ಲಿ ಇದು ಮಗುವಿನ ಹೆಸರು ಸಮೇತ ಸಿಗುತ್ತದೆ, ಹೇಳಿ?

ಜಾತಿ ಕಾಲಂ ಬಗ್ಗೆ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ಶುರುವಿನ ಪುಟಗಳಲ್ಲಿ ಕೇರಿಯ ಮಕ್ಕಳಿಲ್ಲ. ಕೆಲವು ಪುಟ ದಾಟಿದ ಮೇಲೆ ‘ಎ.ಕೆ.’ ಅಂತ, ಅಂದರೆ ಆದಿ ಕರ್ನಾಟಕ ಅಂತ, ಒಬ್ಬ ಹುಡುಗ ಬರುತ್ತಾನೆ. ಸೇರಿದ ತಾರೀಖಿಗೂ ಬಿಟ್ಟ ತಾರೀಖಿಗೂ ಕೆಲವೇ ತಿಂಗಳು. ಬಿಟ್ಟ ಕಾರಣ ‘ಸತತ ಗೈರು’. ಮಗು ಯಾಕೆ ಸತತವಾಗಿ ಗೈರಾಯಿತು ಅನ್ನುವುದಕ್ಕೆ ಕಾಲಂ ಇಲ್ಲ. ನಮ್ಮ ಶಾಲೆಯಲ್ಲಿ ನೀರಿನ ಹಂಡೆಯ ಹತ್ತಿರ ಯಾರು ಹೋಗಬಹುದು, ಯಾರಿಗೆ ಮೇಲಿಂದ ಹುಯ್ಯಬೇಕು ಅನ್ನುವ ‘ಸಂಪ್ರದಾಯ’ ನಾನು ಓದುವ ಕಾಲಕ್ಕೂ ಪೂರ್ತಿ ಹೋಗಿರಲಿಲ್ಲ. ಶತಮಾನೋತ್ಸವದ ಭಾಷಣದಲ್ಲಿ ‘ನಮ್ಮ ಶಾಲೆಯ ಭವ್ಯ ಪರಂಪರೆ’ ಅನ್ನುವಾಗ ಇದೂ ನೆನಪಿರಲಿ. ಮತ್ತೆ ಕೆಲವು ಪುಟ ತಿರುವಿದರೆ ಅದೇ ಕೇರಿಯ ಇನ್ನೊಬ್ಬ ಹುಡುಗ ಬರುತ್ತಾನೆ. ಅವನ ಸಾಲಿನ ಕೊನೆಯಲ್ಲಿ ‘ಮಿಡ್ಲ್ ಸ್ಕೂಲ್ ಪಾಸು’ ಅಂತ ಇದೆ. ನನ್ನನ್ನು ಕೇಳಿದರೆ ನೂರು ವರ್ಷದಲ್ಲಿ ಫ್ಲೆಕ್ಸ್ ಹಾಕಿಸಬೇಕಾದ್ದು ಆ ಸಾಲಿಗೆ.

ಹೆಣ್ಣುಮಕ್ಕಳದ್ದು ಇನ್ನೊಂದು ಕಥೆ. ಮೊದಲ ಹುಡುಗಿ ಮೇಷ್ಟ್ರ ಮಗಳೇ. ಅದು ಎಲ್ಲ ಊರಿನಲ್ಲೂ ಹಾಗೇ ಅಲ್ವಾ? ಆಮೇಲೆ ಬಂದವರ ಸಾಲಿನಲ್ಲಿ ‘ಬಿಟ್ಟ ಕಾರಣ’ದಲ್ಲಿ ‘ಮದುವೆ’, ‘ಮನೆ ಕೆಲಸ’, ‘ತಾಯಿ ಬಾಣಂತಿ’. ಹುಡುಗರಿಗೆ ‘ದನ ಕಾಯಲು’, ‘ಊರು ಬಿಟ್ಟರು’, ‘ತಂದೆ ತೀರಿಕೊಂಡರು’. ಒಂದು ಪುಟದಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದೇ ದಿನ ಬಿಟ್ಟಿದ್ದಾರೆ. ಕಾರಣದ ಜಾಗದಲ್ಲಿ ಮೇಷ್ಟ್ರು ‘ಬಡತನ’ ಅಂತ ಬರೆದು, ಕೆಳಗಿನ ಹುಡುಗನಿಗೆ ಸುಮ್ನೆ ಎರಡು ಚುಕ್ಕೆ ಇಟ್ಟಿದ್ದಾರೆ, ‘ಮೇಲಿನಂತೆ’ ಅಂತ.

ಬೀರುವಿನಲ್ಲಿ ಇನ್ನೊಂದು ಪುಸ್ತಕ ಇತ್ತು, ಇನ್‌ಸ್ಪೆಕ್ಟರು ಬಂದಾಗ ಅಭಿಪ್ರಾಯ ಬರೆಯುವುದು. ಇನ್‌ಸ್ಪೆಕ್ಟರು ಬರುತ್ತಾರೆ ಅಂದರೆ ಹಿಂದಿನ ದಿನ ಉಗುರು ಕತ್ತರಿಸಿ, ತಲೆಗೆ ಎಣ್ಣೆ ಹಾಕಿ, ಮಗ್ಗಿ ಹೇಳಿಸುವುದೇ ಹೇಳಿಸುವುದು. ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಬರಬೇಕಿತ್ತು. ಆ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದದ್ದು ಶಾಲೆ ಬಾವಿಯ ಕಥೆ. ಒಬ್ಬ ಇನ್‌ಸ್ಪೆಕ್ಟರು ಮಕ್ಕಳ ಓದನ್ನು ಹೊಗಳಿ, ಬಾವಿಗೆ ಕಟ್ಟೆಯಿಲ್ಲ, ಕೂಡಲೇ ಕಟ್ಟಿಸಿ ಅಂತ ಬರೆದಿದ್ದಾರೆ. ಮುಂದಿನ ಸಲ ಬಂದವರು ಬೇರೆಯವರು, ಅವರೂ ಅದೇ ಬರೆದಿದ್ದಾರೆ. ಅದರ ಮುಂದಿನವರು ಹಿಂದಿನವರ ಮಾತನ್ನು ಪಾಲಿಸಿಲ್ಲವೆಂದು ವಿಷಾದಿಸಿದ್ದಾರೆ. ಕೊನೆಗೆ ಪಟೇಲರ ಹಸು ಬಾವಿಗೆ ಬಿದ್ದ ಮೇಲೆ ಒಂದೇ ತಿಂಗಳಲ್ಲಿ ಕಟ್ಟೆ ಎದ್ದಿತು. ಇದು ಪುಸ್ತಕದಲ್ಲಿಲ್ಲ, ನಮ್ಮ ತಾತ ಹೇಳಿದ್ದು. ಪುಸ್ತಕದಲ್ಲಿ ‘ಬಾವಿಗೆ ಕಟ್ಟೆಯಾಗಿದೆ’ ಅಂತ ಮಾತ್ರ ಇದೆ.

ಹಾಜರಿ ಪುಸ್ತಕಗಳನ್ನು ಶಾಶ್ವತವಾಗಿ ಇಡಬೇಕೆಂದಿಲ್ಲ. ಆದರೂ ಯಾವುದೋ ಪುಣ್ಯಕ್ಕೆ 1947ರದ್ದು ಉಳಿದುಕೊಂಡಿತ್ತು. ಆ ವರ್ಷ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ಮೈಸೂರಿನಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದದ್ದು ಆಗಲೇ. ಅವನ ಹೆಸರಿನ ಸರ್ಕಲ್ಲನ್ನು ನಾವೆಲ್ಲ ದಿನಾ ಬಸ್ಸಿನಲ್ಲಿ ದಾಟುತ್ತೇವೆ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬರುವವರೆಗೂ ಗಲಾಟೆ. ಶಿವಪುರದ ಧ್ವಜ ಸತ್ಯಾಗ್ರಹ ಕಂಡ ಜಿಲ್ಲೆ ನಮ್ಮದು, 1938ರಲ್ಲಿ. ಸುಮ್ಮನೆ ಕೂರುತ್ತದೆಯೇ? ನಮ್ಮ ಶಾಲೆಯ ಆ ಸೆಪ್ಟೆಂಬರ್ ಪುಟದಲ್ಲಿ ದೊಡ್ಡ ಕ್ಲಾಸಿನ ಹುಡುಗರ ಹೆಸರಿನ ಮುಂದೆ ಹಾಜರಿಗಿಂತ ಗೈರೇ ಜಾಸ್ತಿ. ಅದರಲ್ಲಿ ಎಷ್ಟು ಜನ ಮೆರವಣಿಗೆಗೆ ಹೋಗಿದ್ದರೋ, ಎಷ್ಟು ಜನ ಆ ನೆಪದಲ್ಲಿ ನಾಲೆಯಲ್ಲಿ ಈಜುತ್ತಿದ್ದರೋ, ದೇವರಿಗೇ ಗೊತ್ತು.

ಕಟ್ಟಡದ ಕಥೆಯನ್ನೂ ಹೇಳಬೇಕು. ಮಂಗಳೂರು ಹೆಂಚಿನ ಆ ಉದ್ದನೆ ಕೊಠಡಿಗಳನ್ನು ಕಟ್ಟಿದ್ದು ಸರ್ಕಾರ ಒಂದೇ ಅಲ್ಲ. ಊರಿನವರು ಕಲ್ಲು ಹೊಡೆದು, ಗಾಡಿಯಲ್ಲಿ ಸಾಗಿಸಿ, ಸರದಿಯ ಮೇಲೆ ಕೆಲಸ ಮಾಡಿದರು. ದುಡ್ಡು ಸಾಲದಾದಾಗ ಸಹಾಯಾರ್ಥ ನಾಟಕ ಆಡಿದರು. ಮಂಡ್ಯದ ಕಡೆಯವರಿಗೆ ಪೌರಾಣಿಕ ನಾಟಕದ ಹುಚ್ಚು ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ. ದುರ್ಯೋಧನನ ಪಾರ್ಟಿಗೆ ಇಬ್ಬರು ಗೌಡರು ಪೈಪೋಟಿಗೆ ಬಿದ್ದರಂತೆ. ಜಾಸ್ತಿ ದುಡ್ಡು ಕೊಟ್ಟವರಿಗೆ ಪಾರ್ಟು ಅಂತ ಮೇಷ್ಟ್ರು ತೀರ್ಮಾನ ಮಾಡಿದರಂತೆ. ಹಾಗೆ ಎರಡು ಕೊಠಡಿಗೆ ಹೆಂಚು ಬಂತು. ಅಭ್ಯಾಸ ನಡೆದದ್ದೂ ಶಾಲೆಯಲ್ಲೇ. ಹಗಲು ಮಗ್ಗಿ, ರಾತ್ರಿ ಹಾರ್ಮೋನಿಯಂ.

ಸಂಪ್ರದಾಯಗಳು ಅಂದರೆ ನಮ್ಮ ಶಾಲೆಯಲ್ಲಿ ಎಲ್ಲಕ್ಕಿಂತ ದೊಡ್ಡದು ರಾತ್ರಿ ಶಾಲೆ. ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇದ್ದ ಕಾಲ ಅದು. ಸಂಕ್ರಾಂತಿ ಕಳೆದ ಮೇಲೆ ಹುಡುಗರು ಊಟ ಮಾಡಿ ಚಾಪೆ, ಕಂಬಳಿ, ಲಾಂದ್ರ ತೆಗೆದುಕೊಂಡು ಶಾಲೆಗೆ ಬರುತ್ತಿದ್ದರು. ದೂರದ ಊರಿನವರು ವಾರಗಟ್ಟಲೆ ಅಲ್ಲೇ. ಮೇಷ್ಟ್ರೂ ಅಲ್ಲೇ ಮಲಗುತ್ತಿದ್ದರು. ಬೆಳಗಿನ ಜಾವ ಎಬ್ಬಿಸಿ, ಬಾವಿ ಹತ್ತಿರ ಮುಖಕ್ಕೆ ತಣ್ಣೀರು ಎರಚಿ ಓದಿಸುವುದು. ಸಂಜೆ ಯಾರದೋ ಮನೆಯಿಂದ ಮುದ್ದೆ ಬಸ್ಸಾರು ಬರುತ್ತಿತ್ತು. ಸರದಿ ಯಾರೂ ಬರೆದಿಡಲಿಲ್ಲ, ಆದರೂ ತಪ್ಪುತ್ತಿರಲಿಲ್ಲ. ಇದಕ್ಕೆ ಮೇಷ್ಟ್ರಿಗೆ ಒಂದು ಪೈಸೆ ಜಾಸ್ತಿ ಸಂಬಳ ಇರಲಿಲ್ಲ. ಹುಡುಗಿಯರನ್ನು ಮಾತ್ರ ರಾತ್ರಿ ಕಳಿಸುತ್ತಿರಲಿಲ್ಲ. ನಾವು ಮನೆಯಲ್ಲೇ ಓದಿಕೊಳ್ಳಬೇಕು. ಹುಡುಗರು ಬೆಳಿಗ್ಗೆ ಬಂದು ‘ಇಂಥಾ ಲೆಕ್ಕ ಬರ್ತದಂತೆ’ ಅಂತ ಗುಟ್ಟು ಹೇಳುವಾಗ ನಮಗೆ ಹೊಟ್ಟೆ ಉರಿಯುತ್ತಿತ್ತು.

ಇನ್ನೊಂದು ಆಲೆಮನೆ ಬೆಲ್ಲ. ಆಲೆಮನೆ ಹೂಡಿದವರು ಮೊದಲ ದಿನದ ಪಾಕದಿಂದ ಒಂದು ಪಾಲು ಶಾಲೆಗೆ ಕಳಿಸುವುದು ರೂಢಿ. ಬಿಸಿ ಬೆಲ್ಲ ಬಾಳೆ ಎಲೆಯ ಮೇಲೆ ಬರುತ್ತಿತ್ತು, ಕಡ್ಲೆಪುರಿ ಜೊತೆ ಹಂಚುತ್ತಿದ್ದರು. ಅದರ ಘಮಕ್ಕೆ ಯಾರಿಗೂ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಮೇಷ್ಟ್ರಿಗೂ ಹತ್ತುತ್ತಿರಲಿಲ್ಲ ಅಂತ ಈಗ ಅನಿಸುತ್ತದೆ. ಗಂಟೆ ಅಂದರೆ ಬೇವಿನ ಮರಕ್ಕೆ ಕಟ್ಟಿದ ರೈಲು ಕಂಬಿಯ ತುಂಡು. ಹೊಡೆಯುವ ಹಕ್ಕು ಏಳನೇ ಕ್ಲಾಸಿನವರದ್ದು ಮಾತ್ರ. ಆ ಹಕ್ಕಿಗಾಗಿಯೇ ಫೇಲಾಗದೆ ಏಳನೇ ಕ್ಲಾಸಿಗೆ ಬಂದವರುಂಟು. ಆಗಸ್ಟ್ 15ರ ಪ್ರಭಾತ್ ಫೇರಿ, ಶಾರದಾ ಪೂಜೆ, ಶನಿವಾರದ ಕವಾಯತು ಎಲ್ಲ ಶಾಲೆಗಳಲ್ಲಿ ಇರುವಂಥದ್ದೇ, ಅದನ್ನು ಬರೆಯುತ್ತಾ ಕೂರುವುದಿಲ್ಲ. ಶನಿವಾರ ಕ್ಲಾಸಿಗೆ ಸಗಣಿ ಹಾಕಿ ಸಾರಿಸುವ ಕೆಲಸ ಹುಡುಗಿಯರಿಗೆ ಮಾತ್ರ ಇತ್ತು. ಅದು ಹೋಯಿತು, ಒಳ್ಳೆಯದಾಯಿತು.

ಊಟದ ವಿಚಾರ ಅಂದರೆ ನಮ್ಮ ಓರಗೆಯವರು ಕೇರ್ ಉಪ್ಪಿಟ್ಟು (ಕೇರ್ ಅನ್ನುವ ವಿದೇಶಿ ನೆರವು ಸಂಸ್ಥೆಯದ್ದು) ಅಂತ ಶುರುಮಾಡುತ್ತಾರೆ. ಆ ಹಳದಿ ಉಪ್ಪಿಟ್ಟಿನ ರುಚಿ ಬೇರೆ ಯಾವುದಕ್ಕೂ ಇಲ್ಲ ಅಂತ ಈಗಲೂ ವಾದ ಮಾಡುವವರಿದ್ದಾರೆ. ಹಸಿವಿತ್ತು, ರುಚಿಯಾಗಿತ್ತು, ಅಷ್ಟೇ. ಅದು ನಿಂತ ಮೇಲೆ ಬಹಳ ಕಾಲ ಏನೂ ಇರಲಿಲ್ಲ. ಆಮೇಲೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಕೊಡುತ್ತಿದ್ದರು. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಮರುವರ್ಷ ನಮ್ಮ ಕಡೆಗೂ ಬಂತು. 2013ರಿಂದ ಹಾಲು. ದಾಖಲಾತಿ ಪುಸ್ತಕದಲ್ಲಿ ‘ಬಡತನ’ ಅನ್ನುವ ಕಾರಣ ಕಮ್ಮಿಯಾಗಿದ್ದಕ್ಕೂ ಆ ಬಿಸಿ ಸಾರಿಗೂ ಸಂಬಂಧ ಇದೆ ಅಂತ ಪಾಠ ಮಾಡಿದವಳಾಗಿ ಹೇಳಬಲ್ಲೆ. ಸೋಮವಾರ ಬೆಳಿಗ್ಗೆ ಮಕ್ಕಳ ಮುಖ ನೋಡಿದವರಿಗೆ ಗೊತ್ತಾಗುತ್ತದೆ.

ಈಗ ಆಗಿರುವುದೇನು ಅಂತ ಹೇಳಿ ಮುಗಿಸುತ್ತೇನೆ. ಹೆಂಚಿನ ಕೊಠಡಿಗಳನ್ನು ಶಿಥಿಲವಾಗಿವೆ ಅಂತ ಕೆಡವಿದರು. ಸರಿಯೇ, ಮಕ್ಕಳ ತಲೆ ಮೇಲೆ ಬೀಳುವುದಕ್ಕಿಂತ ಕೆಡವುವುದು ವಾಸಿ. ಕೆಡವುವ ಗಡಿಬಿಡಿಯಲ್ಲಿ ಬೀರುವನ್ನು ಅಡುಗೆ ಕೋಣೆಯ ಪಕ್ಕದ ಸ್ಟೋರಿಗೆ ತಳ್ಳಿದರು. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಇಲಿ, ಅದರ ಜೊತೆ ನಮ್ಮ ಇತಿಹಾಸ. ಮುರಿದ ಬೆಂಚು, ಕುರ್ಚಿ ಗುಜರಿಗೆ ಹಾಕುವಾಗ ಹಳೇ ಕಾಗದದ ಕಟ್ಟುಗಳೂ ಗಾಡಿ ಹತ್ತಿದವು. ದಾಖಲಾತಿ ಪುಸ್ತಕಗಳು ಹೋಗಲಿಲ್ಲ. ಇನ್‌ಸ್ಪೆಕ್ಟರ ಪುಸ್ತಕ ಮತ್ತು 1947ರ ಹಾಜರಿ ಪುಸ್ತಕ ಈಗ ಕಾಣುತ್ತಿಲ್ಲ. ಬೇಕಂತ ಯಾರೂ ಮಾಡಿದ್ದಲ್ಲ. ಇದ್ದ ಇಬ್ಬರೇ ಶಿಕ್ಷಕರು ಊಟದ ಲೆಕ್ಕ, ಮೊಟ್ಟೆ ಲೆಕ್ಕ, ಗಣತಿ, ಚುನಾವಣೆ, ಎಸ್‌ಎಟಿಎಸ್ ಅನ್ನುವ ಮಕ್ಕಳ ಆನ್‌ಲೈನ್ ದಾಖಲೆಯ ಎಂಟ್ರಿ, ಇಷ್ಟರ ನಡುವೆ ಪಾಠವನ್ನೂ ಮಾಡಬೇಕು. ಹಳೇ ಕಾಗದ ಕಾಯಿ ಅಂತ ಅವರಿಗೆ ಹೇಳುವುದಾದರೂ ಹೇಗೆ?

ಅದರ ಉಪಯೋಗ ಏನು ಅಂತ ಕೇಳುವವರಿಗೆ ಒಂದು ಮಾತು. ನಾನು ಪ್ರಭಾರದಲ್ಲಿದ್ದಾಗ ಇಳಿವಯಸ್ಸಿನವರು ದಿನಾ ಅನ್ನುವ ಹಾಗೆ ಬರುತ್ತಿದ್ದರು. ಸಂಧ್ಯಾ ಸುರಕ್ಷಾ ಪಿಂಚಣಿಗೆ ವಯಸ್ಸಿನ ದಾಖಲೆ ಬೇಕು. ‘ಅವ್ವಾ, ನಂದು ಹುಟ್ಟಿದ್ ತಾರೀಕು ಸಿಕ್ತದಾ ನೋಡವ್ವಾ, ಎಲ್ಡ್ನೇ ಕ್ಲಾಸಿಗೇ ಬುಟ್ಟೆ’ ಅಂತ ಕೇಳುತ್ತಿದ್ದರು. ಹುಡುಕಿ ತೋರಿಸಿದರೆ ತಮ್ಮ ಸಾಲಿನ ಮೇಲೆ ಬೆರಳಿಟ್ಟು ಅಪ್ಪನ ಹೆಸರನ್ನು ಮೆಲ್ಲಗೆ ಕೂಡಿಸಿ ಓದುತ್ತಿದ್ದರು. ಜಾತಿ ಪ್ರಮಾಣ ಪತ್ರಕ್ಕೆ, ಪಾಸ್‌ಪೋರ್ಟಿಗೆ, ಜಮೀನು ವ್ಯಾಜ್ಯದಲ್ಲಿ ವಂಶವೃಕ್ಷಕ್ಕೆ, ಎಲ್ಲಕ್ಕೂ ಈ ಪುಸ್ತಕದ ಎಕ್ಸ್‌ಟ್ರಾಕ್ಟೇ ಆಧಾರ. ಪುಟ ಹರಿದುಹೋದ ಪಾಪಕ್ಕೆ ಪಿಂಚಣಿಯಿಲ್ಲದೆ ಅಲೆದವರನ್ನೂ ನೋಡಿದ್ದೇನೆ.

ಹಾಗಾಗಿ ನನ್ನ ವಿನಂತಿ ಶಿಕ್ಷಣ ಇಲಾಖೆಗಿಂತ ಹೆಚ್ಚಾಗಿ ಹಳೇ ವಿದ್ಯಾರ್ಥಿಗಳಿಗೆ. ಕಮಾನಿಗೆ ಅಂತ ಎತ್ತಿದ ದುಡ್ಡಿನಲ್ಲಿ ಮೊದಲು ಒಂದು ಕಬ್ಬಿಣದ ಬೀರು ತೆಗೆಯಿರಿ. ಇಲಾಖೆಯ ಒಪ್ಪಿಗೆ ಪಡೆದು, ಪುಸ್ತಕ ಶಾಲೆಯಿಂದ ಹೊರಗೆ ಹೋಗದ ಹಾಗೆ, ಪ್ರತಿ ಪುಟದ ಫೋಟೋ ತೆಗೆಯಿರಿ. ಈಗ ಎಲ್ಲರ ಜೇಬಿನಲ್ಲೂ ಒಳ್ಳೆ ಕ್ಯಾಮೆರಾ ಇದೆ. ಒಂದು ಪ್ರತಿ ಶಾಲೆಗೆ, ಒಂದು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಇನ್ನೊಂದು ಮೈಸೂರಿನಲ್ಲಿರುವ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿಗೆ. ಫೇಸ್‌ಬುಕ್ಕಿಗೆ, ವಾಟ್ಸ್ಯಾಪ್ ಗ್ರೂಪಿಗೆ ಮಾತ್ರ ದಯವಿಟ್ಟು ಹಾಕಬೇಡಿ. ಅದರಲ್ಲಿ ಬದುಕಿರುವವರ ಜಾತಿ, ವಯಸ್ಸು, ಬಡತನ ಎಲ್ಲ ಇದೆ. ಯಾರ ಅಪ್ಪ ಯಾರ ಮನೆಯಲ್ಲಿ ಜೀತಕ್ಕಿದ್ದ ಅಂತ ಊರಿಗೆ ಊರೇ ಓದಿ ಆಡಿಕೊಳ್ಳುವ ಹಾಗೆ ಆಗಬಾರದು. ಹಳೆಯ ಪುಟಗಳನ್ನು, ಹೆಸರು ಮುಚ್ಚಿ, ಏಳು ಎಂಟನೇ ಕ್ಲಾಸಿನ ಮಕ್ಕಳಿಗೆ ಓದಲು ಕೊಡಿ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇಲ್ಲದ್ದು ಅದರಲ್ಲಿ ಸಿಗುತ್ತದೆ. ಮಗು ಮನೆಗೆ ಹೋಗಿ ಅಜ್ಜಿಯನ್ನು ‘ನೀನ್ಯಾಕೆ ಶಾಲೆ ಬಿಟ್ಟೆ?’ ಅಂತ ಕೇಳಲಿ.

ಮೊನ್ನೆ ಶತಮಾನೋತ್ಸವ ಸಮಿತಿಯ ಸಭೆಯಲ್ಲಿ ಇದನ್ನೇ ಹೇಳಿದೆ. ನನ್ನ ಹಳೇ ವಿದ್ಯಾರ್ಥಿ, ಈಗ ಕಂಟ್ರಾಕ್ಟರು, ಎದ್ದು ನಿಂತು ‘ಮಿಸ್, ಕಮಾನು ಇಲ್ದೆ ಇದ್ರೆ ಮಂತ್ರಿಗಳು ಬರಲ್ಲ’ ಅಂದ. ಅವನು ಹೇಳಿದ್ದರಲ್ಲೂ ನಿಜ ಇದೆ. ಎರಡೂ ಆಗಲಿ ಅಂತ ಸಭೆ ತೀರ್ಮಾನ ಮಾಡಿತು. ಹೆಡ್‌ಮೇಷ್ಟ್ರು ಬಿಇಓ ಅವರಿಗೆ ಒಪ್ಪಿಗೆ ಕೇಳಿ ಪತ್ರ ಬರೆದಿದ್ದಾರೆ. ಫೋಟೋ ತೆಗೆಯುವುದಕ್ಕೆ ಡಿಗ್ರಿ ಓದುವ ಇಬ್ಬರು ಹುಡುಗಿಯರು ತಯಾರಾಗಿದ್ದಾರೆ. ನಮಗೆ ಈಗ ಬೇಕಾಗಿರುವುದು ಹಳೇ ಕಾಲದ ಮೋಡಿ ಕೈಬರಹ ಓದಬಲ್ಲ ಹಿರಿಯರು. ಮೊದಲಿನ ಪುಟಗಳಲ್ಲಿ ಅಕ್ಷರಕ್ಕೆ ಅಕ್ಷರ ಹೆಣೆದುಕೊಂಡಿದೆ, ನನಗೆ ಅರ್ಧ ಬಿಡಿಸಲು ಆಗುವುದಿಲ್ಲ. ಶಾನುಭೋಗಿಕೆ ಲೆಕ್ಕ ನೋಡಿದವರು, ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಮಂಡ್ಯ, ಮೈಸೂರಿನ ಕಡೆ ಯಾರಾದರೂ ಇದ್ದರೆ ಪತ್ರಿಕೆಯ ಮೂಲಕ ತಿಳಿಸಲಿ. ಬಸ್ ಚಾರ್ಜು ಕೊಡುತ್ತೇವೆ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ.

ಪತ್ರ ಉದ್ದವಾಗಿದೆ, ಗೊತ್ತು. ಕತ್ತರಿಸುವುದಾದರೆ ಕಮಾನಿನ ಭಾಗ ಕತ್ತರಿಸಿ, ಈ ಕೊನೆಯ ಕೋರಿಕೆಯನ್ನು ಮಾತ್ರ ಬಿಡಬೇಡಿ.

ನಿವೃತ್ತ ಶಿಕ್ಷಕಿ, ಮಂಡ್ಯ
(ಹೆಸರು, ವಿಳಾಸ ಪತ್ರಿಕೆಗೆ ತಿಳಿಸಿದ್ದೇನೆ; ಪ್ರಕಟಿಸುವುದು ಬೇಡ)